ಪಿಕಪ್ಪಿನ ಕುಲುಕಾಟಕ್ಕೆ ಯಾರನ್ನು ದೂರೋಣ?



ನನಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಉಪ್ಪಿನಕಾಯಿಗೆ ಬೂಸ್ಟು ಬಂದದ್ದು, ಮಕ್ಕಳು ಸೊಪ್ಪು ತಿನ್ನದ್ದು, ನಾದಿನಿಯ ಮುನಿಸು – ಇಂಥವೇ. ಈ ಸಲ ಸೋಮವಾರಪೇಟೆ ಕಡೆಯ ಸೋದರಿಯೊಬ್ಬರು ಬೇರೆಯೇ ಪ್ರಶ್ನೆ ಕಳಿಸಿದ್ದಾರೆ. ಅವರ ಮಾತಿನಲ್ಲೇ ಕೇಳಿ:

"ಅಕ್ಕಾ, ಮೂರು ತಿಂಗಳ ಹಿಂದೆ ನಮ್ಮನೇಲಿ ಹೊಸ ಪಿಕಪ್ ತಗೊಂಡ್ರು. ಎರಡು ಸಾಲು ಸೀಟಿನದು. ಹಿಂದಿನ ಸೀಟಲ್ಲಿ ಕೂತ್ರೆ ಹೊಟ್ಟೇಲಿರೋ ಅನ್ನ ಗಂಟಲಿಗೆ ಬರತ್ತೆ. ಕಂಪನಿಯವರು ಹಾಕಿರೋ ಶಾಕ್ ಅಬ್ಸಾರ್ಬರ್ ಸರಿಯಿಲ್ಲ, ಕಿತ್ತು ಬೇರೆ ಹಾಕಿಸ್ಬೇಕು ಅಂತ ಇವರು ಹಟ ಹಿಡಿದಿದ್ದಾರೆ. ಅದಕ್ಕೆ ಬೇಕಾದ ದುಡ್ಡು ಅಂದ್ರೆ ಮಗಳ ಕಾಲೇಜಿಗೆ ಅಂತ ನಾನು ಕಟ್ಟಿದ ಚೀಟಿ ದುಡ್ಡು. ಕೊಡಲೋ ಬೇಡವೋ? ಇದು ಗಂಡಸರ ವಿಷಯ, ನಿಮ್ಮನ್ನ ಕೇಳ್ಬಾರದಿತ್ತೇನೋ."

ಯಾಕೆ ಕೇಳಬಾರದು? ಗಾಡಿ ಓಡಿಸುವವರು ಗಂಡಸರಿರಬಹುದು. ಹಿಂದಿನ ಸೀಟಿನಲ್ಲಿ ಕುಳಿತು ಕುಲುಕಿಸಿಕೊಳ್ಳುವವರು ಹೆಚ್ಚಾಗಿ ನಾವೇ ತಾನೆ? ಈ ವಿಷಯದಲ್ಲಿ ನಾನೂ ದುಡ್ಡು ಕಳೆದುಕೊಂಡು ಬುದ್ಧಿ ಕಲಿತವಳು. ಆ ಕಥೆಯನ್ನೇ ಹೇಳುತ್ತೇನೆ.

ನಮ್ಮದು ಸಿದ್ದಾಪುರದ ಕಡೆ ಚಿಕ್ಕ ಕಾಫಿ ತೋಟ. ಹಳೇ ಜೀಪನ್ನು ಕೊಟ್ಟು ಪಿಕಪ್ ತಂದ ವರ್ಷ ಮನೆಯಲ್ಲಿ ಹಬ್ಬವೇ ಹಬ್ಬ. ಕಾಫಿ ಮೂಟೆಗೂ ಆಯಿತು, ಮನೆಯವರಿಗೂ ಆಯಿತು ಎಂದು ಇವರಿಗೆ ಹೆಮ್ಮೆ. ಮುಂದಿನ ಸೀಟಿನಲ್ಲಿ ಇವರು ಮತ್ತು ಮಗ. ಹಿಂದಿನ ಸೀಟಿನಲ್ಲಿ ನಾನು, ಅತ್ತೆ ಮತ್ತು ಚೀಲಗಳು.

ಅತ್ತೆಯ ತವರು ನಾಪೋಕ್ಲು ದಾಟಿ ಭಾಗಮಂಡಲದ ಕಡೆ. ಪ್ರತಿ ಹುತ್ತರಿ ಕಳೆದ ಮೇಲೆ ಹೋಗಿ ನಾಲ್ಕು ದಿನ ಇದ್ದು ಬರುವುದು ಅವರ ಪದ್ಧತಿ. ಪಿಕಪ್ ಬಂದ ಮೊದಲ ವರ್ಷ ಹೋಗಿ ಬಂದರು. ಎರಡನೇ ವರ್ಷ, "ನಂಗ್ಯಾಕಮ್ಮ, ನೀವು ಹೋಗಿ ಬನ್ನಿ. ಕೋಳಿಗೆ ಕಾಳು ಹಾಕೋರು ಯಾರು?" ಎಂದರು. ಮೂರನೇ ವರ್ಷ ಅವರ ತಮ್ಮನಿಗೆ ಹುಷಾರಿಲ್ಲ ಎಂದು ಸುದ್ದಿ ಬಂದಾಗಲೂ ಹೊರಡಲಿಲ್ಲ. ನನಗೆ ಆಗ ಅನುಮಾನ ಬಂತು. ರಾತ್ರಿ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಮೆಲ್ಲಗೆ ಕೇಳಿದೆ. "ಆ ಗಾಡೀಲಿ ಕೂತ್ರೆ ಬೆನ್ನು ಮುರಿದ ಹಾಗಾಗತ್ತೆ. ಮಗ ಆಸೆಪಟ್ಟು ತಂದಿದ್ದಾನೆ, ಹೆಂಗೆ ಹೇಳೋದು?" ಎಂದು ಕಣ್ಣೊರೆಸಿಕೊಂಡರು.

ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ವಯಸ್ಸಾದ ಹೆಂಗಸರ ಮೂಳೆ ಒಳಗೊಳಗೇ ಟೊಳ್ಳಾಗಿರುತ್ತದೆ. ಒಂದು ಗುಂಡಿಯೋ ಹಂಪೋ ಜೋರಾಗಿ ಎತ್ತಿಹಾಕಿದರೆ ಬೆನ್ನೆಲುಬಿನ ಮಣಿ ಕುಸಿದುಹೋಗುವುದುಂಟು. ಇಂಥ ಪ್ರಯಾಣದ ನಂತರ ಬೆನ್ನುನೋವು ಬಿಡದೆ ಕಾಡಿದರೆ ಎಣ್ಣೆ ತಿಕ್ಕುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ವಿಷಯ ತಿಳಿದ ಇವರು ಮಾರನೇ ವಾರವೇ ಪೇಟೆಯ ಅಂಗಡಿಯೊಂದಕ್ಕೆ ಹೋದರು. ಅಲ್ಲಿಯವರ ಮಾತು ಕೇಳಿ ಕಂಪನಿಯ ಶಾಕ್ ಅಬ್ಸಾರ್ಬರ್ ನಾಲ್ಕನ್ನೂ ಬಿಚ್ಚಿಸಿ, "ಹೆವಿ ಡ್ಯೂಟಿ" ಎಂದು ಬರೆದಿದ್ದ ಹೊಸದನ್ನು ಹಾಕಿಸಿಕೊಂಡು ಬಂದರು. ಏನಾಯಿತು ಗೊತ್ತೆ? ಮೊದಲು ಕುಲುಕುತ್ತಿದ್ದ ಗಾಡಿ ಈಗ ಒನಕೆಯಲ್ಲಿ ಕುಟ್ಟಿದಂತೆ ಕುಟ್ಟತೊಡಗಿತು!

ಕೊನೆಗೆ ನಮ್ಮೂರಿನ ಹಳೇ ಮೇಸ್ತ್ರಿಯೊಬ್ಬರ ವರ್ಕ್‌ಷಾಪಿಗೆ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಅವರು ನಕ್ಕು, "ಅಮ್ಮಾ, ಹೆಸರೇ ದಾರಿ ತಪ್ಪಿಸತ್ತೆ" ಎಂದರು. ಗುಂಡಿಯ ಹೊಡೆತವನ್ನು ಮೊದಲು ತಡೆಯುವುದು ಟೈರು, ಆಮೇಲೆ ಸ್ಪ್ರಿಂಗು. ಹಾಗೆ ತಡೆದ ಸ್ಪ್ರಿಂಗು ಸುಮ್ಮನಿರದು, ಮೇಲೆ ಕೆಳಗೆ ಪುಟಿಯುತ್ತಲೇ ಇರುತ್ತದೆ. ಆ ಪುಟಿತವನ್ನು ಹಿಡಿದು ನಿಲ್ಲಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ.

ಅದರ ಒಳಗೇನಿದೆ ಎಂದು ಅವರು ಹೇಳುತ್ತಿದ್ದಂತೆ ನನಗೆ ನಮ್ಮ ನೂಲ್‌ಪುಟ್ಟಿನ ಒರಳು ನೆನಪಾಯಿತು. ಹಿಟ್ಟು ತುಂಬಿ ಮೆಲ್ಲಗೆ ಒತ್ತಿ, ಎಳೆಎಳೆಯಾಗಿ ಇಳಿಯುತ್ತದೆ. ಅವಸರದಲ್ಲಿ ಗುದ್ದಿ ಒತ್ತಿ, ಒರಳು ಜಗ್ಗುವುದೇ ಇಲ್ಲ. ಶಾಕ್ ಅಬ್ಸಾರ್ಬರಿನಲ್ಲೂ ಹಾಗೆಯೇ. ಕೊಳವೆಯಲ್ಲಿ ಹಿಟ್ಟಿನ ಬದಲು ಎಣ್ಣೆ, ಅದರೊಳಗೆ ಸಣ್ಣ ತೂತುಗಳಿರುವ ಪಿಸ್ಟನ್ನು. ಗಾಡಿ ಮೆಲ್ಲಗೆ ತೂಗಿದರೆ ಎಣ್ಣೆ ಸುಲಭವಾಗಿ ಹಾಯುತ್ತದೆ, ಜೋರಾಗಿ ಪುಟಿದರೆ ತಡೆಯುತ್ತದೆ. ಪುಟಿತದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ತೂತು ಕಿರಿದಾದಷ್ಟೂ ಬಿಗಿ, ಹಿರಿದಾದಷ್ಟೂ ಸಡಿಲ. ಕಂಪನಿಯವರು ಈ ತೂತು, ಮುಚ್ಚಳಗಳನ್ನು ಆಯಾ ಗಾಡಿಯ ಸ್ಪ್ರಿಂಗಿಗೆ ಹೊಂದುವಂತೆ ಅಳತೆ ಮಾಡಿ ಇಟ್ಟಿರುತ್ತಾರೆ.

"ಹಾಗಾದರೆ ಕುಲುಕಾಟ ಯಾತರದು?" ಎಂದೆ. ಅವರು ಗಾಡಿಯ ಹಿಂಭಾಗದ ಕೆಳಗೆ ತೋರಿಸಿದರು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು. ಪಿಕಪ್ಪು ಹುಟ್ಟಿರುವುದೇ ಹೊರೆಗೆ. ಕಾಫಿ ಮೂಟೆ 50 ಕಿಲೋ ಎಂದರೂ 20 ಮೂಟೆಗೆ ಒಂದು ಟನ್ನು. ಅಷ್ಟನ್ನು ಹೊತ್ತು ಮಡಿಕೇರಿ ಘಾಟಿ ಹತ್ತಿ ಇಳಿಯಬೇಕಾದರೆ ಪ್ಲೇಟುಗಳು ಗಟ್ಟಿಯಾಗಿರಲೇಬೇಕು. ಅದೇ ಗಾಡಿಯಲ್ಲಿ ಹೊರೆಯಿಲ್ಲದೆ ಇಬ್ಬರು ಹೆಂಗಸರು ಕುಳಿತರೆ ಪ್ಲೇಟು ಬಾಗುವುದೇ ಇಲ್ಲ. ಮದುವೆ ಮನೆಯ ಹಂಡೆಯಲ್ಲಿ ಪಾವು ಅಕ್ಕಿ ಬೇಯಿಸಿದರೆ ತಳ ಹತ್ತದೆ ಇರುತ್ತದೆಯೇ? ತಪ್ಪು ಹಂಡೆಯದಲ್ಲ. ಇನ್ನು ಗಟ್ಟಿ ಪ್ಲೇಟಿನ ಜೊತೆಗೆ ಬಿಗಿ ಶಾಕ್ ಬೇರೆ ಸೇರಿಸಿದರೆ? ನಮ್ಮ ಮನೆಯಲ್ಲಿ ಆದದ್ದು ಅದೇ.

ಮುಂದಿನ ಸೀಟು ಅಷ್ಟು ಕುಲುಕದಿರುವುದಕ್ಕೂ ಕಾರಣ ತಿಳಿಯಿತು. ಮುಂಭಾಗದ ಸ್ಪ್ರಿಂಗಿನ ಮೇಲೆ ಇಂಜಿನ್ನಿನ ಭಾರ ಸದಾ ಇರುತ್ತದೆ. ಗಾಡಿ ಖಾಲಿಯಿದ್ದರೂ ತುಂಬಿದ್ದರೂ ಅಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹಿಂಭಾಗದ್ದು ಒಂದು ದಿನ ಟನ್ನು ಹೊರೆ, ಇನ್ನೊಂದು ದಿನ ಬರೀ ಗಾಳಿ. ಎರಡಕ್ಕೂ ಒಪ್ಪುವ ಶಾಕ್ ಅಬ್ಸಾರ್ಬರನ್ನು ಯಾರೂ ಪೂರ್ತಿಯಾಗಿ ಮಾಡಲಾರರು. ಕಂಪನಿಯದು ನಡುವಿನ ದಾರಿ.

ಮೇಸ್ತ್ರಿ ಮಾಡಿದ ಚಿಕಿತ್ಸೆ ಇಷ್ಟೇ. ಕಂಪನಿಯ ಹಳೇ ಶಾಕ್‌ಗಳು ಪುಣ್ಯಕ್ಕೆ ಹಟ್ಟಿಯ ಮೂಲೆಯಲ್ಲಿ ಬಿದ್ದಿದ್ದವು. ಎಣ್ಣೆ ಸೋರಿರಲಿಲ್ಲ. ಅವನ್ನೇ ಮತ್ತೆ ಹಾಕಿದರು. ಸವೆದಿದ್ದ ರಬ್ಬರ್ ಬುಷ್ ಬದಲಾಯಿಸಿದರು. ಟೈರಿನ ಗಾಳಿ ನೋಡಿದರೆ ಕುಯಿಲಿನ ಹೊರೆಗೆಂದು ತುಂಬಿಸಿದ್ದು ಹಾಗೆಯೇ ಇತ್ತು, ಟೈರು ಕಲ್ಲಿನಂತಾಗಿತ್ತು. ಖಾಲಿ ಗಾಡಿಗೆ ಕಂಪನಿ ಹೇಳಿದಷ್ಟಕ್ಕೆ ಇಳಿಸಿದರು. ಅರ್ಧ ಕುಲುಕಾಟ ಅಲ್ಲಿಗೇ ಹೋಯಿತು.

ಉಳಿದರ್ಧವನ್ನು ಕಳೆದದ್ದು ಮಾತ್ರ ಮೇಸ್ತ್ರಿಯಲ್ಲ. ಮನೆಗೆ ಬಂದು ಮಗನಿಗೆ, "ಇನ್ನು ಮೇಲೆ ಮುಂದಿನ ಸೀಟು ಅಜ್ಜಿದು, ನೀನು ಹಿಂದೆ ನನ್ನ ಜೊತೆ" ಎಂದೆ. ಮೊದಲ ದಿನ ಮುಖ ಊದಿಸಿದ. ನಾಪೋಕ್ಲು ತಲುಪುವಷ್ಟರಲ್ಲಿ, "ಅಪ್ಪಾ, ಸ್ವಲ್ಪ ಮೆಲ್ಲಗೆ ಓಡ್ಸಿ" ಎಂದು ಅವನೇ ಕೂಗಿದ! ಮೂರು ವರ್ಷ ನಾವು ಬಾಯಿ ಬಿಡದ ಮಾತು ಅವನ ಬಾಯಿಂದ ಮೂರು ಮೈಲಿಗೊಮ್ಮೆ ಬಂತು.

ಅತ್ತೆ ತಮ್ಮನ ಮನೆಯಲ್ಲಿ ನಾಲ್ಕಲ್ಲ, ಎಂಟು ದಿನ ಇದ್ದರು. ಆ ತಮ್ಮ ಮುಂದಿನ ಮಳೆಗಾಲ ಕಾಣಲಿಲ್ಲ. ಅಂದು ಕರೆದುಕೊಂಡು ಹೋಗದೆ ಇದ್ದಿದ್ದರೆ ನಾನು ಅತ್ತೆಗೆ ಹೇಗೆ ಮುಖ ತೋರಿಸಬೇಕಿತ್ತೋ!

ಈಗ ಸೋಮವಾರಪೇಟೆಯ ಸೋದರಿಗೆ ನನ್ನ ಉತ್ತರ: ಚೀಟಿ ದುಡ್ಡಿಗೆ ಸದ್ಯ ಕೈ ಹಚ್ಚಬೇಡಿ. ನಿಮ್ಮದು ಮೂರು ತಿಂಗಳ ಗಾಡಿ, ವಾರಂಟಿ ಇರುತ್ತದೆ. ದೋಷವೇ ಇದ್ದರೆ ಕಂಪನಿಯ ಸರ್ವಿಸ್‌ನವರು ನೋಡಬೇಕು. ಹೊರಗೆ ಬಿಚ್ಚಿಸಿದರೆ ಆ ಹಕ್ಕಿಗೂ ತೊಂದರೆ ಬರಬಹುದು. ಮನೆಯವರೊಡನೆ ಜಗಳ ಬೇಡ. ಊಟವಾದ ಮೇಲೆ ಮೆಲ್ಲಗೆ ಈ ಕೆಳಗಿನದನ್ನು ಓದಿ ಹೇಳಿ.

ನೆನಪಿಡಿ:

• ಟೈರಿಗೆ ಎಷ್ಟು ಗಾಳಿ ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ, ಹಲವು ಗಾಡಿಗಳಲ್ಲಿ ಬಾಗಿಲ ಬಳಿಯ ಚೀಟಿಯಲ್ಲೂ ಇರುತ್ತದೆ. ಖಾಲಿಗೆ ಬೇರೆ, ಹೊರೆಗೆ ಬೇರೆ ಎಂದಿದ್ದರೆ ಹಾಗೆಯೇ ಮಾಡಿ. ಹೇಳಿದ್ದಕ್ಕಿಂತ ಕಡಿಮೆ ಮಾಡಬೇಡಿ. ಮೂಟೆ ಹೇರುವ ಮೊದಲು ಮತ್ತೆ ತುಂಬಿಸಲು ಮರೆಯಬೇಡಿ.

• ಖಾಲಿ ಹೋಗುವಾಗ ಒಂದೆರಡು ಮೂಟೆ ಭಾರವಿದ್ದರೆ ಗಾಡಿ ಮೆತ್ತಗಾಗುತ್ತದೆ. ಹಿಂಚಕ್ರಕ್ಕಿಂತ ಮುಂದೆ, ಸರಿಯದಂತೆ ಹಗ್ಗದಿಂದ ಬಿಗಿದು ಕಟ್ಟಿ. ಭಾರಕ್ಕೆಂದು ಕೆಲಸದವರನ್ನು ಹಿಂದಿನ ತೊಟ್ಟಿಯಲ್ಲಿ ಕೂರಿಸಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

• ಮೆತ್ತಗಾಗಲಿ ಎಂದು ಪ್ಲೇಟು ತೆಗೆಸಬೇಡಿ. ಹೊರೆ ಹೇರಿದ ದಿನ ಪಶ್ಚಾತ್ತಾಪಪಡಬೇಕಾಗುತ್ತದೆ.

• ಶಾಕ್ ಅಬ್ಸಾರ್ಬರ್ ನಿಜವಾಗಿ ಹಾಳಾದರೆ ಗುರುತುಗಳಿವೆ. ಕೊಳವೆಯ ಮೇಲೆ ಎಣ್ಣೆ ಸೋರಿ ಧೂಳು ಅಂಟಿರುತ್ತದೆ. ಹಂಪು ದಾಟಿದ ಮೇಲೂ ಗಾಡಿ ಎರಡು ಮೂರು ಸಲ ತೂಗುತ್ತದೆ. ಬ್ರೇಕ್ ಹಾಕಿದರೆ ಮೂಗು ಮುಗ್ಗರಿಸುತ್ತದೆ. ಟೈರು ಅಲ್ಲಲ್ಲಿ ಗುಳಿಬಿದ್ದು ಸವೆಯುತ್ತದೆ. ಆಗ ಜಿಪುಣತನ ಬೇಡ. ನಮ್ಮ ಮಳೆಯಲ್ಲಿ, ನಮ್ಮ ತಿರುವುಗಳಲ್ಲಿ ಚಕ್ರ ನೆಲ ಬಿಟ್ಟು ಕುಣಿದರೆ ಬ್ರೇಕೂ ಹಿಡಿಯದು. ಎಡ ಬಲ ಎರಡನ್ನೂ ಒಟ್ಟಿಗೆ, ಆ ಗಾಡಿಗೆ ಹೇಳಿದ್ದನ್ನೇ ಹಾಕಿಸಿ.

• ವರ್ಷವಿಡೀ ಹೊರೆ ಹೇರಿ ಕೆಟ್ಟ ತೋಟದ ದಾರಿಯಲ್ಲೇ ಓಡುವ ಗಾಡಿಯ ಮಾತು ಬೇರೆ. ಎಡೆಬಿಡದ ಕುಲುಕಿಗೆ ಒಳಗಿನ ಎಣ್ಣೆ ಕಾದು ನೊರೆಯಾಗಿ ಹಿಡಿತ ತಪ್ಪುತ್ತದೆ. ನೊರೆ ತಡೆಯಲು ಗ್ಯಾಸು ತುಂಬಿದ ಶಾಕ್‌ಗಳಿವೆ. ಅಂಥವರಿಗೆ ಆ ಖರ್ಚು ದಂಡವಲ್ಲ. ವಾರಕ್ಕೊಮ್ಮೆ ಸಂತೆಗೆ ಹೋಗಿಬರುವವರಿಗೆ ಅದು ಬೇಕಿಲ್ಲ.

• ಗರ್ಭಿಣಿಯರು, ಬಾಣಂತಿಯರು, ಮುದುಕರು ಇದ್ದರೆ ಮುಂದಿನ ಸೀಟು ಅವರದು. ಸೀಟ್ ಬೆಲ್ಟ್ ಮರೆಯಬೇಡಿ.

ಕೊನೆಯದೊಂದು ಮಾತು. ನಿಮ್ಮ ಮನೆಯಲ್ಲೂ ಯಾರಾದರೂ "ನಂಗ್ಯಾಕೆ, ನೀವು ಹೋಗಿ ಬನ್ನಿ" ಎನ್ನುತ್ತಿದ್ದಾರೆಯೇ? ಕೋಳಿಯ ನೆಪ, ದನದ ನೆಪ ನಂಬಿಬಿಡಬೇಡಿ. ಪಕ್ಕದಲ್ಲಿ ಕೂತು, ಬೆನ್ನು ಸವರಿ ಒಂದು ಮಾತು ಕೇಳಿ.

ಮುಂದಿನ ಸಲ ನಿಮ್ಮ ಉಪ್ಪಿನಕಾಯಿಯ ಬೂಸ್ಟಿಗೆ ಖಂಡಿತ ಉತ್ತರ ಕೊಡುತ್ತೇನೆ.