ಯಾರ ಭಯಕ್ಕೆ ಯಾರ ಮೈ?

ಜೀನ್ ತಿದ್ದಿದ ಭ್ರೂಣಗಳಿಂದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಪ್ರಕಟಿಸಿದಾಗ ಜಗತ್ತು ಬೆಚ್ಚಿಬಿತ್ತು. ಎಚ್‌ಐವಿ ಜೀವಕೋಶದೊಳಗೆ ನುಗ್ಗಲು ಬಳಸುವ ಪ್ರೋಟೀನನ್ನು ರೂಪಿಸುವ ಸಿಸಿಆರ್5 ಜೀನನ್ನು, ಜೀನ್ ತಿದ್ದುವ ತಂತ್ರವಾದ ಕ್ರಿಸ್ಪರ್‌ನಿಂದ ಕೆಡಿಸುವುದು ಅವರ ಉದ್ದೇಶವಾಗಿತ್ತು. ಒಬ್ಬಳಲ್ಲಿ ಜೀನಿನ ಎರಡೂ ಪ್ರತಿಗಳು ಬದಲಾದವು, ಇನ್ನೊಬ್ಬಳಲ್ಲಿ ಒಂದೇ. ಕೆಲವರಿಗೆ ಹುಟ್ಟಿನಿಂದಲೇ ಇದ್ದು ಎಚ್‌ಐವಿಯಿಂದ ಕಾಪಾಡುವ ಬದಲಾವಣೆಯೂ ಅದಾಗಿರಲಿಲ್ಲ. ಮರುವರ್ಷ ನ್ಯಾಯಾಲಯ ಹೆ ಅವರಿಗೆ 3 ವರ್ಷದ ಸೆರೆವಾಸ ವಿಧಿಸಿತು.

ನನ್ನನ್ನು ಕಾಡುವುದು ಆ ತಂದೆ ತಾಯಿ. ತಂದೆಗೆ ಎಚ್‌ಐವಿ ಇತ್ತು, ತಾಯಿಗಿರಲಿಲ್ಲ. ವೀರ್ಯವನ್ನು ತೊಳೆದು ಸೋಂಕು ತಪ್ಪಿಸುವ ವಿಧಾನ ಮೊದಲೇ ಇತ್ತು, ಇಲ್ಲೂ ಅದನ್ನು ಬಳಸಿದ್ದರು. ಹಾಗಿದ್ದೂ ಅವರು ಒಪ್ಪಿದ್ದೇಕೆ? ಸೋಂಕಿತರಿಗೆ ಚೀನಾದಲ್ಲಿ ಪ್ರನಾಳ ಶಿಶು ಚಿಕಿತ್ಸೆ ಸಿಗುತ್ತಿರಲಿಲ್ಲ. ಈ ಪ್ರಯೋಗದಲ್ಲಿ ಖರ್ಚಿಲ್ಲದೆ ಸಿಕ್ಕಿತು. ಸೋಂಕಿತರು ಉಣ್ಣುವ ತಿರಸ್ಕಾರವನ್ನೇ ಹೆ ಕೂಡ ತಮ್ಮ ಸಮರ್ಥನೆಗೆ ಬಳಸಿಕೊಂಡರು. ಸಮಾಜದ ಆ ತಿರಸ್ಕಾರ ಹಾಗೇ ಉಳಿಯಿತು, ಬದಲಾದದ್ದು ಇನ್ನೂ ಹುಟ್ಟದ ಇಬ್ಬರು ಮಕ್ಕಳ ಮೈ. ಅವರು ದೊಡ್ಡವರಾಗಿ ಬೇಡವೆಂದರೂ ಆ ತಿದ್ದುಪಡಿಯನ್ನು ವಾಪಸು ಮಾಡಲಾಗದು. ಅದು ಅವರ ಮಕ್ಕಳಿಗೂ ದಾಟಬಹುದು.

ಕುಡಗೋಲು ಕಣ (ಸಿಕಲ್ ಸೆಲ್) ರೋಗಕ್ಕೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿದ ಕ್ರಿಸ್ಪರ್ ಚಿಕಿತ್ಸೆಯ ಮಾತೇ ಬೇರೆ. ಅಲ್ಲಿ ನೋವುಣ್ಣುವ ರೋಗಿಯ ರಕ್ತದ ಮೂಲಕೋಶಗಳನ್ನಷ್ಟೇ ತಿದ್ದುತ್ತಾರೆ, ಮುಂದಿನ ಪೀಳಿಗೆಯನ್ನಲ್ಲ. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಮಕ್ಕಳನ್ನು ಆರಿಸುವ ಉಪಕರಣ ಕೈಗೆ ಬಂದಾಗ ನಾವೇನು ಮಾಡಿದೆವು ಎಂಬುದು ಗೊತ್ತೇ ಇದೆ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಬಸುರಿಯರನ್ನು ಮಲಗಿಸಿ ಹೆಣ್ಣೋ ಗಂಡೋ ನೋಡುತ್ತಿದ್ದರು. ಇದನ್ನು ತಡೆಯುವ ಕಾಯ್ದೆ ಬಂದದ್ದು 1994ರಲ್ಲಿ!

ಮುಂದಿನ ಪೀಳಿಗೆಗೆ ದಾಟುವ ಜೀನ್ ತಿದ್ದುಪಡಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ 2019ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅದು ಬೇಕೇ ಬೇಕು, ಆದರೆ ಅಷ್ಟೇ ಸಾಲದು. ಮಗುವಿನ ಬಣ್ಣ, ಎತ್ತರ ಆರಿಸಿಕೊಡುತ್ತೇವೆ ಎಂದು ಯಾರೋ ನಾಳೆ ಬಂದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವಳು ಸೊಸೆ. ಅತ್ತೆ, ಮಾವ, ಗಂಡ ಪಕ್ಕದಲ್ಲೇ ಕೂತಿರುತ್ತಾರೆ. ಆ ಸಹಿ ಎಷ್ಟರಮಟ್ಟಿಗೆ ಅವಳದು? ಪ್ರಸೂತಿ ವೈದ್ಯರು, ಆಪ್ತಸಮಾಲೋಚಕರು, ಮಗಳನ್ನು ಉಳಿಸಿಕೊಳ್ಳಲು ಮನೆಯವರನ್ನು ಎದುರುಹಾಕಿಕೊಂಡ ತಾಯಂದಿರು ಈ ಬಗ್ಗೆ ನಮಗೆ ಬರೆಯಬೇಕು. ಮುಂದಿನ ಸಂಚಿಕೆಯ ಪುಟಗಳನ್ನು ಅದಕ್ಕೆಂದೇ ಮೀಸಲಿಟ್ಟಿದ್ದೇವೆ.