ದಬ್ಬೆಗೆ ನಿಲ್ಲದ ಮೂಳೆ

ಬೈಕಿಗೆ ಸಿಕ್ಕಿ ಹಿಂಗಾಲಿನ ತೊಡೆ ಮುರಿದುಕೊಂಡ ನಾಯಿಗೆ ನಮ್ಮಲ್ಲಿ ಮೊದಲು ಸಿಗುವುದು ಎರಡರಲ್ಲೊಂದು: ಬಿದಿರಿನ ದಬ್ಬೆ ಇಟ್ಟು ಬಿಗಿದ ಬಟ್ಟೆ, ಇಲ್ಲವೇ ‘ನಾಯಿ ತಾನೆ, ತಾನಾಗೇ ಕೂಡಿಕೊಳ್ಳುತ್ತೆ’ ಎಂಬ ಮಾತು. ಹೆಚ್ಚು ಕೇಡು ಮಾಡುವುದು ದಬ್ಬೆಯೇ.

ಪಟ್ಟಿ ಕೆಲಸ ಮಾಡಬೇಕಾದರೆ ಮುರಿದ ಮೂಳೆಯ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಬಾರದು. ತೊಡೆಮೂಳೆಯ ಮೇಲಿನ ಕೀಲು ಇರುವುದು ಸೊಂಟದಲ್ಲಿ. ನಾಯಿಯ ತೊಡೆಯೋ ಮೇಲೆ ದಪ್ಪ, ಕೆಳಗೆ ಸಪೂರ. ಕಟ್ಟಿದ್ದು ಜಾರಿ ಮುರುಕಿನ ಹತ್ತಿರ ನಿಲ್ಲುತ್ತದೆ. ಆಮೇಲೆ ಅದರ ಭಾರವೇ ಸನ್ನೆಗೋಲಾಗಿ ಹೆಜ್ಜೆಹೆಜ್ಜೆಗೂ ಮೂಳೆಯ ತುದಿಗಳನ್ನು ಮೀಟುತ್ತದೆ. ತೀರ ಬಿಗಿದಿದ್ದರೆ ಪಾದ ಊದಿ ಕೊಳೆಯುವುದೂ ಉಂಟು. ಪಮೇರಿಯನ್‌ನಂಥ ಪುಟ್ಟ ತಳಿಗಳಿಗೆ ಮುಂಗಾಲಿನದೇ ಚಿಂತೆ: ಸೋಫಾದಿಂದ ಹಾರಿದರೂ ಮುರಿಯಬಹುದು, ಮಣಿಕಟ್ಟಿನ ಮೇಲೆ ರಕ್ತದ ಹರಿವು ಕಡಿಮೆಯಾದ್ದರಿಂದ ಪ್ಲಾಸ್ಟರಿನೊಳಗೆ ಕೂಡದೆ ಉಳಿದುಬಿಡಬಹುದು. ಇಂಥವಕ್ಕೆಲ್ಲ ಶಸ್ತ್ರಚಿಕಿತ್ಸೆಯೇ ದಾರಿ. ಮಜ್ಜೆಯ ಕೊಳವೆಗೆ ಸ್ಟೀಲ್ ಪಿನ್ ತೂರಿಸಿದರೆ ಮೂಳೆ ಬಾಗದು, ಆದರೆ ಅಚ್ಚಿನ ಮೇಲೆ ತಿರುಗೀತು. ಪ್ಲೇಟು, ಸ್ಕ್ರೂ ಅದನ್ನೂ ತಡೆಯುತ್ತವೆ.

ಇದು ಮನುಷ್ಯರ ಆಸ್ಪತ್ರೆಯಿಂದ ನಾಯಿಗೆ ಬಿದ್ದ ಎಂಜಲು ಎಂದುಕೊಳ್ಳುವವರು ಆಟೊ ಸ್ಟೇಡರ್ ಹೆಸರು ಕೇಳಿರಲಿಕ್ಕಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಈ ಪಶುವೈದ್ಯ 1930ರ ದಶಕದಲ್ಲಿ ನಾಯಿಗಳಿಗಾಗಿ ಒಂದು ಸಾಧನ ರೂಪಿಸಿದ. ಮುರುಕಿನ ಎರಡೂ ಕಡೆ ಚರ್ಮದ ಮೂಲಕ ಮೂಳೆಗೆ ಪಿನ್ ಚುಚ್ಚಿ, ಹೊರಗಿನಿಂದ ಸರಳಿಗೆ ಬಿಗಿಯುವುದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಅದನ್ನೇ ತನ್ನ ನಾವಿಕರ ಕಾಲಿಗೆ ತೊಡಿಸಿತು.

ದನಕರುಗಳಿಗೆಂದೇ ಹುಟ್ಟಿದ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಪ್ಲೇಟು ಕೂರಿಸಿ ಎಂದು ನಾವು ಕೇಳುತ್ತಿಲ್ಲ. ‘ಇದು ಪಟ್ಟಿಗೆ ನಿಲ್ಲುವುದಲ್ಲ, ಹೆಬ್ಬಾಳಕ್ಕೋ ಬೀದರಿಗೋ ಹಾಸನಕ್ಕೋ, ಹತ್ತಿರದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ’ ಎಂಬ ಮಾತು ಮೊದಲ ದಿನವೇ ಬರಲಿ. ಮೂರು ವಾರ ದಬ್ಬೆ ಕಟ್ಟಿಕೊಂಡು ಅಲೆದು ಬರುವ ಹೊತ್ತಿಗೆ ಸ್ನಾಯು ಕುಗ್ಗಿ, ಮೂಳೆಯ ತುದಿಗಳು ಒಂದರ ಮೇಲೊಂದು ಏರಿರುತ್ತವೆ. ಆಗ ಅದೇ ಆಪರೇಷನ್ ದುಪ್ಪಟ್ಟು ಕಷ್ಟ.

ಖರ್ಚು ಭರಿಸಲಾಗದವರಿಗೆ ಕಾಲು ತೆಗೆಸುವ ದಾರಿಯೂ ಇದೆ. ಉಳಿದ ಮೂರು ಗಟ್ಟಿಯಿದ್ದರೆ ನಾಯಿ ಬೇಗ ಓಡಾಡಿಕೊಳ್ಳುತ್ತದೆ. ಅದಕ್ಕಿಲ್ಲದ ನಾಚಿಕೆ ಮನೆಯವರಿಗಿರುತ್ತದೆ, ಅಷ್ಟೆ.

ಮನೆಯವರದು ಇನ್ನೊಂದು ತಪ್ಪು. ಪ್ಲೇಟು ಹಾಕಿದ ಕೆಲವೇ ದಿನಗಳಲ್ಲಿ ನಾಯಿ ಪಾದ ಊರುತ್ತದೆ. ಆಗ ಭಾರ ಹೊತ್ತಿರುವುದು ಲೋಹ; ಬೆಳೆದ ನಾಯಿಯ ಮೂಳೆ ಕೂಡಲು ಎಂಟರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಬೋನು, ಚಿಕ್ಕ ಹಗ್ಗ, ಮನೆಯವರ ಕಲ್ಲುಮನಸ್ಸು. ಮೂರನೇ ವಾರಕ್ಕೇ ಮಹಡಿ ಮೆಟ್ಟಿಲು ಹತ್ತಿಸಿ ವೈದ್ಯರಿಗೆ ವಿಡಿಯೊ ಕಳಿಸಿ ಸಂಭ್ರಮಿಸುವವರಿದ್ದಾರೆ. ಅವರಲ್ಲಿ ಕೆಲವರು ಮುಂದಿನ ವಾರ ಬಾಗಿದ ಪ್ಲೇಟಿನ ಎಕ್ಸ್-ರೇ ಹಿಡಿದು ಅದೇ ಬಾಗಿಲಲ್ಲಿ ನಿಂತಿರುತ್ತಾರೆ.