ಒಣ ಬಾರ್ ಮೇಲೆ ಓಡೋ ಚೈನು

ಮಿಷನ್ ಮಾತು 7 | ಭಾಗ 1/3

"ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಸಾಕು ಕಣೋ. ಹೆಂಗಿದ್ರೂ ಚೆಲ್ಲಿ ಹೋಗೋದೇ ಅಲ್ವಾ?"

ಮಲೆನಾಡಲ್ಲಿ ಚೈನ್ ಸಾ ಇರೋ ಮನೆಗಳಲ್ಲಿ ಈ ಮಾತು ಕೇಳದೇ ಇರೋರು ಕಡಿಮೆ. ನಮ್ಮನೇಲೂ ಇದೇ ಮಾತು. ಇದು ತಪ್ಪು ಅನ್ನೋದು ನನ್ನ ವಾದ. ಯಾಕೆ ಅಂತ ಹೇಳ್ತೀನಿ, ಆಮೇಲೆ ಬೈಯಿರಿ.

ಮೊದಲನೇ ಫೋಟೋ ನೋಡಿ. ಚಿಕ್ಕಪ್ಪನ ಮಿಷನ್‌ನ ಬಾರ್ ಅದು. ಅಂಚಲ್ಲಿ ನೀಲಿ ಬಣ್ಣ ಕಾಣ್ತಿದ್ಯಲ್ಲ, ಅದು ಪೇಂಟ್ ಅಲ್ಲ. ಬಿಸಿಗೆ ಕಬ್ಬಿಣ ಸುಟ್ಟ ಗುರುತು.

ಹೋದ ಮಳೆಗಾಲದಲ್ಲಿ ಸಿಲ್ವರ್ ಓಕ್ ಒಂದು ರಸ್ತೆಗೆ ಅಡ್ಡ ಬಿತ್ತು. ಚಿಕ್ಕಪ್ಪ ಕೊಯ್ಯೋಕೆ ನಿಂತ್ರು. ಚಕ್ಕೆ ಬರೋ ಬದಲು ಹಿಟ್ಟಿನಂಥ ಪುಡಿ, ಜೊತೆಗೆ ಹೊಗೆ. "ಮರ ಗಟ್ಟಿ ಇದೆ" ಅಂತ ಇನ್ನೂ ಒತ್ತಿದ್ರು. ಸುಸ್ತಾಗಿ ಕೈ ಸ್ವಲ್ಪ ಜಾರಿದ್ದೇ ತಡ, ಬಾರಿನ ತುದಿ ಪಕ್ಕದ ಕೊಂಬೆಗೆ ತಾಗಿ ಮಿಷನ್ ಮುಖದ ಕಡೆಗೆ ಎಗರಿತು. ಚೈನ್ ಬ್ರೇಕ್ ಬಿದ್ದಿದ್ದಕ್ಕೆ ಉಳಿದ್ರು. ಚಿಕ್ಕಮ್ಮ ಇವತ್ತಿಗೂ ಆ ಸದ್ದು ಕೇಳಿದ್ರೆ ಹೊರಗೆ ಬಂದು ನೋಡ್ತಾರೆ.

ಎಗರಿದ್ದು ತುದಿ ತಾಗಿದ್ದಕ್ಕೆ, ನಿಜ. ಆದ್ರೆ ಅಷ್ಟು ಒತ್ತಬೇಕಾಗಿ ಬಂದದ್ದು ಬಾರ್ ಒಣಗಿ, ಚೈನ್ ಮೊಂಡಾಗಿದ್ದಕ್ಕೆ.

ಭಾಗ 2/3

ಲೆಕ್ಕ ಹಾಕಿ. ಫುಲ್ ಆಕ್ಸಿಲರೇಟರ್‌ನಲ್ಲಿ ಚೈನ್ ಓಡೋದು ಸೆಕೆಂಡಿಗೆ ಸುಮಾರು 20 ಮೀಟರ್. ಅಂದ್ರೆ ಗಂಟೆಗೆ 72 ಕಿಲೋಮೀಟರ್. ಕಬ್ಬಿಣದ ಮೇಲೆ ಕಬ್ಬಿಣ ಈ ವೇಗದಲ್ಲಿ ಉಜ್ಜುವಾಗ ಮಧ್ಯೆ ಇರೋದು ಎಣ್ಣೆಯ ತೆಳು ಪದರ ಮಾತ್ರ. ಬಾರ್ ಆಯಿಲ್‌ಗೆ ಅಂಟು ಗುಣ ಕೊಟ್ಟಿರೋದು ಇದಕ್ಕೇ. ತುದಿಯಲ್ಲಿ ತಿರುಗುವಾಗ ಸಿಡಿದು ಹೋಗದೆ ಚೈನ್‌ಗೆ ಹಿಡ್ಕೊಂಡಿರಬೇಕು.

ಬಳಸಿ ಬಿಟ್ಟ ಇಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ ಇರತ್ತೆ, ಕ್ಯಾನ್ಸರ್ ತರಬಲ್ಲ ಅಂಶಗಳಿರತ್ತೆ. ಪುಡಿ ಆಯಿಲ್ ಪಂಪನ್ನ ತಿನ್ನತ್ತೆ. ಉಳಿದದ್ದು ಹನಿಹನಿಯಾಗಿ ಕೊಯ್ಯೋರ ಕೈಗೆ, ಬಟ್ಟೆಗೆ, ಮಣ್ಣಿಗೆ. ತೋಟದ ಕೆಳಗೇ ನಮ್ಮ ಕೆರೆ, ಬಾವಿ ಇರೋದು ಅಲ್ವಾ? "ಚೆಲ್ಲಿ ಹೋಗತ್ತೆ" ಅನ್ನೋದು ಹಳೇ ಆಯಿಲ್ ಹಾಕೋಕೆ ಕಾರಣ ಅಲ್ಲ, ಹಾಕದೇ ಇರೋಕೆ ಕಾರಣ. ಆಸ್ಟ್ರಿಯಾದಲ್ಲಿ 1992ರಿಂದಲೇ ಮಣ್ಣಲ್ಲಿ ಕರಗದ ಚೈನ್ ಆಯಿಲ್‌ಗೆ ನಿಷೇಧ ಇದೆ.

"ಬಾರ್ ಆಯಿಲ್ ದುಬಾರಿ" ಅಂತೀರಿ. ಒಪ್ತೀನಿ, ದಿನಗೂಲಿಗೆ ಮರ ಕೊಯ್ಯೋರಿಗೆ ಅದು ಸಣ್ಣ ಖರ್ಚಲ್ಲ. ತುರ್ತಿಗೆ ಹೊಸ ಇಂಜಿನ್ ಆಯಿಲ್ ಹಾಕಿ, ನಡಿಯತ್ತೆ. ಅಡುಗೆ ಎಣ್ಣೆ ಹಾಕಿ ತಿಂಗಳುಗಟ್ಟಲೆ ಹಾಗೇ ಇಟ್ರೆ ಮಾತ್ರ ಅಂಟಾಗಿ ಕೂರತ್ತೆ. ಆದ್ರೆ ಬಾರ್, ಚೈನ್, ಸ್ಪ್ರಾಕೆಟ್ ಮೂರೂ ಒಟ್ಟಿಗೆ ಬದಲಾಯಿಸಿದ ಬಿಲ್ ಒಮ್ಮೆ ನೋಡಿ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗೆ.

ಭಾಗ 3/3 (ಇದನ್ನ ಸೇವ್ ಮಾಡಿಟ್ಕೊಳ್ಳಿ)

▪️ ಪೆಟ್ರೋಲ್ ತುಂಬಿಸುವಾಗೆಲ್ಲ ಆಯಿಲ್ ಟ್ಯಾಂಕೂ ತುಂಬಿಸಿ. ಪೆಟ್ರೋಲ್ ಖಾಲಿಯಾದ್ರೂ ಆಯಿಲ್ ಹಾಗೇ ಇದ್ರೆ ಖುಷಿ ಪಡಬೇಡಿ, ಎಲ್ಲೋ ಕಟ್ಟಿಕೊಂಡಿದೆ.

▪️ ಬಾರಿನ ತುದೀನ ರಟ್ಟಿನ ಮುಂದೆ ಹಿಡಿದು ರೇಸ್ ಮಾಡಿ. ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ರೆ ಇಂಜಿನ್ ಆಫ್ ಮಾಡಿ, ಗ್ಲೌಸ್ ಹಾಕಿ ಚೈನ್ ಬಿಚ್ಚಿ, ಬಾರಿನ ಆಯಿಲ್ ತೂತು, ಗಾಡಿ ಎರಡನ್ನೂ ಕೆರೆದು ಕ್ಲೀನ್ ಮಾಡಿ.

▪️ ಚೈನ್ ಅರ ಹಾಕಿದಾಗಲೆಲ್ಲ ಬಾರನ್ನ ಮಗುಚಿ ಹಾಕಿ. ಒಂದೇ ಕಡೆ ಸವೆಯಲ್ಲ.

▪️ ತುದಿಯ ಸ್ಪ್ರಾಕೆಟ್‌ಗೆ ಗ್ರೀಸ್ ತೂತು ಇದ್ರೆ ಮೊದಲು ಕೊಳೆ ತೆಗೀರಿ, ಆಮೇಲೆ ಗ್ರೀಸ್ ಹೊಡೀರಿ. ತೂತೇ ಇಲ್ಲದ ಬಾರಿಗೆ ಕೊರೆದು ಹಾಕೋ ಸಾಹಸ ಬೇಡ.

▪️ ಎಲ್ಲರೂ ಮರೆಯೋದು ಕ್ಲಚ್ ಡ್ರಮ್ ಒಳಗಿನ ನೀಡಲ್ ಬೇರಿಂಗ್. ಅದು ಒಣಗಿ ಹಿಡ್ಕೊಂಡ್ರೆ ಆಕ್ಸಿಲರೇಟರ್ ಬಿಟ್ರೂ ಚೈನ್ ತಿರುಗ್ತಾನೇ ಇರತ್ತೆ. ಅಂಥ ಮಿಷನ್ ಹಿಡಿದು ಒಂದು ಹೆಜ್ಜೆ ಕೂಡ ನಡೀಬೇಡಿ. ಒಂದು ಚಿಟಿಕೆ ಗ್ರೀಸ್ ಸಾಕು, ಜಾಸ್ತಿ ಆದ್ರೆ ಕ್ಲಚ್ ಜಾರತ್ತೆ.

▪️ ಕೆಲಸ ಮುಗಿದ ಮೇಲೆ ಚೈನ್ ಸ್ವಲ್ಪ ಸಡಿಲ ಮಾಡಿ. ತಣ್ಣಗಾದಾಗ ಅದು ಬಿಗಿಯಾಗತ್ತೆ.

ಇಷ್ಟಕ್ಕೂ ಹಿಡಿಯೋದು ಒಂದು ಟೀ ಕುಡಿಯೋವಷ್ಟು ಹೊತ್ತು. ರೀಲ್ಸ್‌ನಲ್ಲಿ ದೊಡ್ಡ ಮರ ಉರುಳಿಸಿದವನಿಗೆ ಲೈಕ್ ಕೊಡ್ತೀವಿ. ಮನೆಗೆ ಬಂದು ಬಾರ್ ಒರೆಸಿ ಗ್ರೀಸ್ ಹಾಕೋನ ವಿಡಿಯೋ ಯಾರೂ ಮಾಡಲ್ಲ. ನನ್ನ ಪ್ರಕಾರ ಜಾಣ ಅವನೇ.

ಚಿಕ್ಕಪ್ಪ ಈಗ ಹೊಸ ಬಾರ್ ಹಾಕಿದ್ದಾರೆ. ಕೊನೇ ಫೋಟೋ ಅದೇ. ರಟ್ಟಿನ ಮೇಲೆ ಎಣ್ಣೆ ಗೆರೆ ನೋಡದೆ ಮನೆಯಿಂದ ಹೊರಡಲ್ಲ. ರಟ್ಟು ಹಿಡಿಯೋದು ಚಿಕ್ಕಮ್ಮ ಅಲ್ಲ, ನಾನೂ ಅಲ್ಲ. ಕಂಬಕ್ಕೆ ಕಟ್ಟಿದ್ದೀವಿ 🙂

ನಿಮ್ಮನೇಲಿ ಯಾವ ಆಯಿಲ್ ಹಾಕ್ತಾರೆ? ಸುಳ್ಳು ಹೇಳದೆ ಕಾಮೆಂಟ್ ಮಾಡಿ.

#ಮಿಷನ್‌ಮಾತು #ಚೈನ್‌ಸಾ #ಮಲೆನಾಡು